ತೆರೆದಿಟ್ಟ ನಲ್ಲಿ

ಹೊನ್ನನ ಬಲಗೈಯ ಮಣಿಕಟ್ಟು ಮುರಿದ ಸದ್ದು ರೂಪೇಶನಿಗೆ ಸರಿಯಾಗಿಯೇ ಕೇಳಿಸಿತು. ಒಣ ಸೌದೆ ಮುರಿದ ಹಾಗೆ, ಲಟಕ್ಕನೆ. ಕೇಳಿಸಿದ ಮೇಲೂ ಅವನು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ವಾಲ್ವಿನ ಕೀಯನ್ನು ಮತ್ತೊಮ್ಮೆ ಎತ್ತಿ ಬೀಸಿದ. ಕೀ ಎಂದರೆ ಬೀಗದ ಕೀಲಿಕೈ ಅಲ್ಲ. ಎದೆಯೆತ್ತರದ ಕಬ್ಬಿಣದ ಸಲಾಕೆ, ಹಿಡಿದು ತಿರುಗಿಸಲು ಮೇಲೊಂದು ಅಡ್ಡ ಪಟ್ಟಿ. ಹದಿನೆಂಟು ವರ್ಷದಿಂದ ಹೊನ್ನ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಹೊನ್ನಾವರದ ಐದಾರು ಕೇರಿಗಳಿಗೆ ನೀರು ಬಿಡುತ್ತಿದ್ದ. ಈಗ ಅದೇ ಕೀ ಅವನ ಭುಜಕ್ಕೆ, ಬೆನ್ನಿಗೆ, ಮಂಡಿಗೆ ಬೀಳುತ್ತಿತ್ತು.

"ಎಂತ ಹಾಕ್ದೆ ನೀರಿಗೆ? ಹೇಳು! ನನ್ನ ಮಗೂಗೆ ಎಂತ ಕುಡಿಸ್ದೆ?"

"ತಮಾ, ಬಿಡೋ... ನಾ ಎಂತ ಹಾಕೂದೋ... ವಾಲ್ವು ತಿರುಗ್ಸೂದೊಂದೇ ನನ್ನ ಕೆಲಸ..."

ಬೆಳಿಗ್ಗೆ ಆರು ಗಂಟೆ. ದಿಬ್ಬದ ಕೇರಿಯ ಕೆಳತುದಿಯಲ್ಲಿ, ನೆಲದೊಳಗೆ ಕಟ್ಟಿದ ವಾಲ್ವಿನ ಚೇಂಬರಿನ ಪಕ್ಕ ಹೊನ್ನ ಮುದುಡಿ ಬಿದ್ದಿದ್ದ. ಕೊಡ ಹಿಡಿದು ಹೊರಬಂದ ಹೆಂಗಸರು ಕೊಡ ಹಿಡಿದೇ ನಿಂತರು. ಮೂರನೇ ಮನೆಯ ಅರುಣ ಹಲ್ಲುಜ್ಜುತ್ತಿದ್ದವನು ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಓಡಿ ಬಂದ. ರೂಪೇಶನನ್ನು ಬಿಡಿಸಲು ಬಂದನೇನೋ ಎಂದುಕೊಂಡರೆ, ಹೊನ್ನನ ಪಕ್ಕೆಗೆ ತಾನೂ ಒಂದು ಒದ್ದ. ಅವನ ಹಿಂದೆ ಇನ್ನಿಬ್ಬರು ಒದ್ದರು. ಒಬ್ಬ ಹೊಡೆಯಲು ಶುರು ಮಾಡಿದರೆ ಸಾಕು, ನಿನ್ನೆಯವರೆಗೆ ಹೊನ್ನಣ್ಣ, ಚಾ ಕುಡಿ ಬಾ ಎಂದು ಕರೆಯುತ್ತಿದ್ದವರಿಗೂ ಕಾಲು ತುರಿಸತೊಡಗುತ್ತದೆ.

ನಿಲ್ಲಿಸಿದ್ದು ಹೊನ್ನನ ಹೆಂಡತಿ ಗಣಪಿ. ಕೆಳಗಿನ ರಸ್ತೆಯ ಮನೆಯಿಂದ ಕೂಗು ಕೇಳಿ ಓಡಿ ಬಂದವಳ ಕೈಯಲ್ಲಿ ತೆಂಗಿನಕಾಯಿ ಒಡೆಯುವ ಕತ್ತಿ ಇತ್ತು. ಗಂಡನ ಮೈಮೇಲೆ ಕಾಲು ಅಗಲಿಸಿ ನಿಂತಳು.

"ಇನ್ನೊಂದು ಏಟು ಬೀಳ್ಲಿ. ಯಾರ ತಲೆ ಅಂತ ನಾ ನೋಡೂದಿಲ್ಲ."

ಅವಳ ಕಣ್ಣು ನೋಡಿದವರಿಗೆ ಅದು ಬರೀ ಮಾತಲ್ಲವೆಂದು ತಿಳಿಯಿತು. ರೂಪೇಶ ಕೀಯನ್ನು ನೆಲಕ್ಕೆಸೆದು, ಏದುಸಿರು ಬಿಡುತ್ತ ದಿಬ್ಬ ಹತ್ತಿದ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಹಾಯೆನಿಸಿತ್ತು. ಹತ್ತು ದಿನದಿಂದ ಯಾರನ್ನು ಹೊಡೆಯಬೇಕೆಂದು ತಿಳಿಯದೆ ಒದ್ದಾಡಿದವನಿಗೆ ಕೊನೆಗೂ ಒಬ್ಬ ಸಿಕ್ಕಿದ್ದ.

ರೂಪೇಶನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಭಟ್ಕಳ, ಹೊನ್ನಾವರ, ಕುಮಟೆ ಎಂದು ದಿನಕ್ಕೆ ಮೂರು ಸಲ ಟೆಂಪೋ ಓಡಿಸುವವನು. ಎದುರಿಗೆ ಬಂದ ಲಾರಿಯಿಂದ ಹಿಡಿದು ಚಿಲ್ಲರೆ ಇಲ್ಲ ಎನ್ನುವ ಪ್ರಯಾಣಿಕರವರೆಗೆ ಎಲ್ಲರ ಮೇಲೂ ಹರಿಹಾಯುತ್ತಿದ್ದ. ಆದರೆ ಮಗಳು ಅರ್ಚಿತಾಳ ಎದುರು ಬೆಣ್ಣೆ. ಆರು ವರ್ಷದ ಆ ಹುಡುಗಿಗೆ ಏಪ್ರಿಲ್ ಮೊದಲ ವಾರ ವಾಂತಿಭೇದಿ ಶುರುವಾಯಿತು. ಎರಡು ದಿನ ಮನೆಮದ್ದು, ಮೂರನೇ ದಿನ ಕುಮಟೆಯ ಆಸ್ಪತ್ರೆ. ಕಣ್ಣು ಗುಳಿಬಿದ್ದು, ತುಟಿ ಒಡೆದು, ಕೈಗೆ ಚುಚ್ಚಿದ ಸೂಜಿಯ ನೋವಿಗೆ ಅಳಲೂ ಆಗದೆ ಮಲಗಿದ್ದಳು. ಕೇರಿಯಲ್ಲಿ ಇನ್ನೂ ನಾಲ್ಕು ಮಕ್ಕಳಿಗೆ ಅದೇ ಪಾಡು. ಅರುಣನ ತಾಯಿ ಮಾಸ್ತಮ್ಮನೂ ಹಾಸಿಗೆ ಹಿಡಿದಿದ್ದಳು.

"ನೀರು ಸರಿ ಇಲ್ಲ ಕಾಣ್ತದೆ," ಎಂದರು ಡಾಕ್ಟರು.

ಆಸ್ಪತ್ರೆಯ ಹತ್ತಿರವೇ ರೂಪೇಶನ ಅಕ್ಕ ಸುಷ್ಮಾಳ ಮನೆ. ಅವಳ ಇಬ್ಬರು ಮಕ್ಕಳು ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿದ್ದು ಅಂಗಳದಲ್ಲಿ ಕುಣಿಯುತ್ತಿದ್ದರು. ನಲ್ಲಿಗೆ ಬಾಯಿಟ್ಟು ನೀರು ಕುಡಿಯುತ್ತಿದ್ದರು. ಅದನ್ನು ಕಂಡು ರೂಪೇಶನ ಹೊಟ್ಟೆ ಉರಿದುಹೋಯಿತು.

"ನಿಮ್ಮೂರ ನೀರಿಗೆ ಎಂತ ಆಗೂದಿಲ್ಲ, ನಮ್ಮೂರ ನೀರೇ ಎಂತಕೆ ಹೀಗೆ ಸುಷ್ಮಕ್ಕ?"

"ಎರಡೂ ಊರಿಗೆ ಒಂದೇ ಹೊಳೆ ನೀರಲ್ವನಾ? ಮಧ್ಯ ಎಂತಾದ್ರೂ ಆಗಿರ್ಬೇಕು. ಲ್ಯಾಬಿಗೆ ಕೊಟ್ಟು ನೋಡು," ಎಂದಳು ಅಕ್ಕ.

ಕುಮಟೆಯ ಒಂದು ಖಾಸಗಿ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವ ಶ್ರೀಗೌರಿ ಅವನಿಗೆ ಎರಡು ಬಾಟಲಿ ಕೊಟ್ಟಳು. "ನಲ್ಲಿ ತಿರುಗಿಸಿ ಎರಡು ನಿಮಿಷ ನೀರು ಹರಿದು ಹೋಗ್ಲಿ. ಆಮೇಲೆ ತುಂಬಿ," ಎಂದು ಎರಡೆರಡು ಸಲ ಹೇಳಿದಳು. ರೂಪೇಶ ಅಕ್ಕನ ಮನೆಯಲ್ಲಿ ಹಾಗೆಯೇ ಮಾಡಿದ. ಅಲ್ಲಿ ನಲ್ಲಿ ಸೊಂಟದೆತ್ತರದಲ್ಲಿತ್ತು, ನೀರು ಭರ್ರೆಂದು ಬರುತ್ತಿತ್ತು. ತನ್ನ ಮನೆಯಲ್ಲಿ ಮಾತ್ರ ಬಂದ ಮೊದಲ ನೀರನ್ನೇ ಹಿಡಿದ. ದಿನ ಬಿಟ್ಟು ದಿನ ಮುಕ್ಕಾಲು ಗಂಟೆ ನೀರು ಬರುವ ಕೇರಿಯಲ್ಲಿ ಎರಡು ನಿಮಿಷ ಸುಮ್ಮನೆ ಹರಿಯಬಿಡುವುದೆಂದರೆ ಅನ್ನ ಚೆಲ್ಲಿದ ಹಾಗೆ. ಅಂಥ ಕೆಲಸ ಅಲ್ಲಿ ಯಾರೂ ಮಾಡುವುದಿಲ್ಲ.

ಅವನ ನಲ್ಲಿಯದೂ ಒಂದು ಕತೆಯಿದೆ. ರೂಪೇಶನ ಮನೆ ದಿಬ್ಬದ ಮೇಲೆ ಕೊನೆಯದು. ಕೆಳಗಿನ ಎಂಟು ಮನೆ ದಾಟಿ ನೀರು ಅಲ್ಲಿಗೆ ಹತ್ತುವಷ್ಟರಲ್ಲಿ ನೂಲಿನಷ್ಟಾಗುತ್ತಿತ್ತು. ಎರಡು ವರ್ಷದ ಹಿಂದೆ ಅವನು ಅಂಗಳದ ಮೂಲೆಯಲ್ಲಿ ಸೊಂಟದಾಳದ ಗುಂಡಿ ತೋಡಿ, ಪೈಪು ಕತ್ತರಿಸಿ, ನಲ್ಲಿಯನ್ನು ಗುಂಡಿಯ ತಳಕ್ಕೆ ಇಳಿಸಿದ. ನೀರು ಧಾರಾಳವಾಗಿ ಬಂತು. ಸ್ವಂತ ಬುದ್ಧಿ ಓಡಿಸಿ ಮಾಡಿದ್ದೆಂದು ಬಂದವರಿಗೆಲ್ಲ ತೋರಿಸಿದ. ಗುಂಡಿಯ ಒತ್ತಿಗೇ ಬಚ್ಚಲು, ಬಚ್ಚಲ ಪಕ್ಕ ಕೋಳಿಗೂಡು. ಅಲ್ಲಿಯದೆಲ್ಲ ಜಿನುಗಿ ಗುಂಡಿಯ ತಳದಲ್ಲಿ ಯಾವಾಗಲೂ ಮೊಳದಾಳದ ಕಪ್ಪು ನೀರು ನಿಂತಿರುತ್ತಿತ್ತು. ನೀರು ಬರುವ ಹೊತ್ತಿಗೆ ಅದನ್ನು ಮೊಗೆದು ಚೆಲ್ಲಿ, ಕೊಡ ಇಳಿಸುವುದು. ಆಮೇಲೆ ನಲ್ಲಿಯನ್ನು ತೆರೆದೇ ಬಿಡುವುದು. ನೀರು ಬರುವ ಮುಂಚೆ ಗಾಳಿ ಗುಳುಗುಳು ಎನ್ನುತ್ತದೆ, ಆ ಸದ್ದಿಗೆ ಎಚ್ಚರವಾಗುತ್ತದೆ. ನಲ್ಲಿ ಬಂದ್ ಮಾಡಿದರೆ ಸದ್ದೆಲ್ಲಿ?

ಹೊನ್ನ ಅದನ್ನು ನೋಡಿ ಒಂದೆರಡಲ್ಲ, ನಾಲ್ಕು ಸಲ ಹೇಳಿದ್ದ. "ತಮಾ, ಆ ಗುಂಡಿ ಮುಚ್ಚು. ಮುಚ್ಚೂಕೆ ಆಗ್ದಿದ್ರೆ ನಲ್ಲಿಯಾದ್ರೂ ಬಂದ್ ಮಾಡಿ ಇಡು."

"ನನ್ನ ಮನೆಗೆ ನೀರು ಸರೀ ಬಂದ್ರೆ ನಿಂಗ್ಯಾಕೆ ಹೊಟ್ಟೆಕಿಚ್ಚು ಹೊನ್ನಣ್ಣ?" ಎಂದು ರೂಪೇಶ ಬಾಯಿ ಮುಚ್ಚಿಸಿದ್ದ.

ವರದಿ ಬಂತು. ಕುಮಟೆಯ ನಲ್ಲಿ ನೀರು ಕುಡಿಯಲು ಯೋಗ್ಯ. ಹೊನ್ನಾವರದ್ದು ಯೋಗ್ಯವಲ್ಲ, ಮಲದ ಕ್ರಿಮಿಗಳಿವೆ. ರೂಪೇಶ ಎರಡೂ ಕಾಗದಗಳ ಫೋಟೋ ತೆಗೆದು ಕೇರಿಯ ವಾಟ್ಸಾಪ್ ಗುಂಪಿಗೆ ಹಾಕಿದ: 'ಕುಮಟೆಗೆ ಅಮೃತ, ನಮಗೆ ಹೇಲು.' ಒಂದು ತಾಸಿನಲ್ಲಿ ಅರುಣ ಹೊಸ ಸಂಗತಿ ಕಂಡುಹಿಡಿದ. ಹೊನ್ನನ ಮೂಲ ಮನೆ ಕುಮಟಾ ತಾಲೂಕಿನ ಕತಗಾಲದ ಕಡೆ! ತನ್ನ ಊರಿನವರಿಗೆ ಒಳ್ಳೆಯದು, ನಮಗೆ ಕೊಳಕು. ಹೊನ್ನಾವರದ ದಿಬ್ಬದ ಬುಡದಲ್ಲಿರುವ ವಾಲ್ವು ತಿರುಗಿಸಿ ಕುಮಟೆಗೆ ಅಮೃತ ಕಳಿಸುವುದು ಹೇಗೆ ಎಂದು ಗುಂಪಿನಲ್ಲಿದ್ದ ಮೂವತ್ತೆಂಟು ಜನರಲ್ಲಿ ಒಬ್ಬನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ರೂಪೇಶ ಹೊನ್ನನ ಕೈಯಿಂದ ಕೀ ಕಸಿದುಕೊಂಡ.

ಹೊನ್ನ ಆಸ್ಪತ್ರೆಯಲ್ಲಿ, ಚೇಂಬರಿಗೆ ಜಾರಿ ಬಿದ್ದೆ ಎಂದು ಬರೆಸಿದನಂತೆ. ಕೇರಿಯವರ ಮೇಲೆ ಕಂಪ್ಲೇಂಟ್ ಕೊಟ್ಟು ನಾ ಮತ್ತೆ ಯಾರಿಗೆ ನೀರು ಬಿಡೂದು ಎಂದನಂತೆ. ಕೇರಿಯವರು ಅದನ್ನು ತಪ್ಪೊಪ್ಪಿಗೆ ಎಂದೇ ಲೆಕ್ಕ ಹಾಕಿದರು. ತಪ್ಪು ಇಲ್ಲದವನು ಸುಮ್ಮನಿರುತ್ತಾನಾ?

ಎರಡು ದಿನ ಕಳೆದು, ಗುರುವಾರ ಬೆಳಿಗ್ಗೆ, ನೀರು ಬರುವ ಹೊತ್ತಿಗೆ ಶ್ರೀಗೌರಿ ಸ್ಕೂಟರಿನಲ್ಲಿ ಬಂದಳು. ಒಂದೇ ಹೊಳೆಯ ನೀರು ಎರಡು ಊರಿನಲ್ಲಿ ಇಷ್ಟು ಬೇರೆಯಾಗಿದ್ದು ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಬೇರೆ ಕೇರಿಯ ನೌಕರನೊಬ್ಬ ಬಂದು ವಾಲ್ವು ಬಿಟ್ಟಿದ್ದ. ಶ್ರೀಗೌರಿ ಚೇಂಬರಿನ ಹತ್ತಿರದ ನಲ್ಲಿಯಲ್ಲಿ ಒಂದು ಬಾಟಲಿ, ಅರುಣನ ಮನೆಯಲ್ಲಿ ಒಂದು, ಕೊನೆಗೆ ದಿಬ್ಬ ಹತ್ತಿ ರೂಪೇಶನಲ್ಲಿ ಒಂದು ತುಂಬಿಕೊಂಡಳು. ಗುಂಡಿಯ ಅಂಚಿನಲ್ಲಿ ಬಹಳ ಹೊತ್ತು ನಿಂತಳು. ಅವಳು ನಿಂತಿರುವಾಗಲೇ ಕೆಳಗೆ ವಾಲ್ವು ಮುಚ್ಚಿರಬೇಕು, ನೀರು ನಿಂತಿತು. ನಲ್ಲಿ ಒಮ್ಮೆ ಬಿಕ್ಕಿತು. ಆಮೇಲೆ, ಗುಂಡಿಯಲ್ಲಿ ಮತ್ತೆ ತುಂಬಿ ನಲ್ಲಿಯ ಬಾಯಿ ಮುಟ್ಟಿದ್ದ ಕಪ್ಪು ನೀರಿನಲ್ಲಿ ಸಣ್ಣ ಸುಳಿ ಎದ್ದು ಅದರೊಳಗೆ ಸರಿಯಿತು. ಸೊರ್ರೆಂದು, ಮಕ್ಕಳು ಎಳನೀರು ಹೀರುವ ಹಾಗೆ.

"ಈ ನಲ್ಲಿ ಯಾವಾಗ್ಲೂ ತೆರೆದೇ ಇರ್ತದಾ?"

"ಹೌದು ಮೇಡಂ. ನೀರು ಬಂದದ್ದು ಗೊತ್ತಾಗ್ಬೇಕಲ್ಲ."

ಅವಳು ಮೂರನೇ ಬಾಟಲಿಯ ಮೇಲೆ ಗುರುತು ಬರೆದಳು. "ಶನಿವಾರ ಫೋನ್ ಮಾಡ್ತೇನೆ. ಅಲ್ಲಿವರೆಗೆ ಇದನ್ನ ಬಂದ್ ಮಾಡಿ ಇಡಿ, ಯಾರೂ ನೀರು ಕಾಸದೆ ಕುಡೀಬೇಡಿ," ಎಂದು ಬಾಟಲಿಗಳನ್ನು ಐಸಿನ ಡಬ್ಬಿಯಲ್ಲಿಟ್ಟುಕೊಂಡು ಹೋದಳು.

ಶುಕ್ರವಾರ ಬೆಳಿಗ್ಗೆ ಮಾಸ್ತಮ್ಮ ತೀರಿಕೊಂಡಳು. ಕೇರಿಯ ಅರ್ಧ ಮಕ್ಕಳ ಬೆನ್ನು ತಿಕ್ಕಿ ಎಣ್ಣೆಸ್ನಾನ ಮಾಡಿಸಿದ್ದ ಕೈ ಅವಳದು. ಕೊನೆಗಳಿಗೆಯಲ್ಲಿ ನೀರು, ನೀರು ಎಂದಳಂತೆ. ಸೊಸೆ ಕಮಲಿ ಲೋಟ ಹಿಡಿದಿದ್ದಳಂತೆ. ಅರುಣ ಅಳಲಿಲ್ಲ. ಸ್ಮಶಾನದಿಂದ ಬಂದು ತಣ್ಣೀರು ಮೈಮೇಲೆ ಸುರಿದುಕೊಳ್ಳುತ್ತ, "ಅಂವನ್ನ ಬಿಡೂದಿಲ್ಲ" ಎಂದ.

ಶನಿವಾರ ಸಂಜೆ ಐದು ಗಂಟೆಗೆ ಫೋನು ಬಂದಾಗ ರೂಪೇಶ ಅಂಗಳದಲ್ಲಿದ್ದ.

"ರೂಪೇಶ ಅವ್ರೇ, ಚೇಂಬರಿನ ನೀರು ಚೊಕ್ಕ ಇದೆ. ಕುಮಟೆಯದ್ದೂ ಅದೂ ಒಂದೇ. ಅರುಣ ಅವರಲ್ಲಿ ಕೆಟ್ಟಿದೆ. ನಿಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ."

"ಅಂದ್ರೆ ಎಂತ ಮೇಡಂ?"

"ಅಂದ್ರೆ ಕೆಳಗಿಂದ ಬರುವ ನೀರು ಕೆಟ್ಟಿಲ್ಲ. ನೀರು ನಿಂತ ಕೂಡ್ಲೇ ಪೈಪಿನಲ್ಲಿದ್ದದ್ದು ಕೆಳಗೆ ಜಾರ್ತದೆ. ಆಗ ನಿಮ್ಮ ತೆರೆದ ನಲ್ಲಿ ಗುಂಡಿಯ ಬಚ್ಚಲ ನೀರನ್ನ ಒಳಗೆ ಎಳ್ಕೊಳ್ತದೆ. ಮುಂದಿನ ಸಲ ನೀರು ಬಿಟ್ಟಾಗ ಅದೇ ಎಲ್ಲರ ಕೊಡಕ್ಕೆ. ನಾನೇ ಕಣ್ಣಾರೆ ನೋಡಿದೆ. ನಾಳೆ ನಾನೇ ಬಂದು ಎಲ್ಲರಿಗೂ ಹೇಳ್ತೇನೆ."

ರೂಪೇಶ ಫೋನು ಇಟ್ಟ. ನಲ್ಲಿ ಈಗಲೂ ತೆರೆದೇ ಇತ್ತು. ಅವನ ಕಿವಿಯಲ್ಲಿ ಹೊನ್ನನ ಮಣಿಕಟ್ಟಿನ ಸದ್ದು ಮತ್ತೊಮ್ಮೆ ಕೇಳಿಸಿತು. ಅದರ ಹಿಂದೆ ಮಾಸ್ತಮ್ಮನ ಚಟ್ಟ ಕಣ್ಣಿಗೆ ಬಂತು; ಮುಂದಿನ ಎಡಗಡೆಗೆ ಹೆಗಲು ಕೊಟ್ಟವನು ತಾನೇ. ಅರ್ಚಿತಾಳ ಒಡೆದ ತುಟಿ. ನಾಚಿಕೆ, ಹೆದರಿಕೆ ಎರಡೂ ಒಟ್ಟಿಗೆ ಎದ್ದವು, ಹೆದರಿಕೆಯೇ ಗೆದ್ದಿತು. ಅವನು ಸಲಿಕೆ ತಂದು ಗಡಬಡಿಸಿ ಗುಂಡಿಗೆ ಮಣ್ಣು ಎಳೆಯತೊಡಗಿದ. ನಾಳೆ ಆ ಮೇಡಂ ಬರುವಷ್ಟರಲ್ಲಿ ಇಲ್ಲಿ ಗುಂಡಿಯೇ ಇರಬಾರದು.

ಆಗ ಕೆಳಗಿನ ರಸ್ತೆಯಿಂದ ಕೂಗು ಕೇಳಿಸಿತು. ಹಂಚು ಒಡೆಯುವ ಸದ್ದು. ಅರುಣ ಮತ್ತು ಹತ್ತು ಹದಿನೈದು ಜನ ಹೊನ್ನನ ಮನೆ ಮುತ್ತಿದ್ದರು.

"ಎಂತ ಮಾಡ್ತಾ ಇದ್ರಿ?" ಹೆಂಡತಿ ವಿನುತಾ ಹಿಂದೆ ನಿಂತಿದ್ದಳು. ಆಸ್ಪತ್ರೆಯಲ್ಲಿ ಮಗಳ ಹತ್ತಿರ ತವರೂರು ಬೆಳಕೆಯಿಂದ ಬಂದ ತನ್ನ ತಾಯಿಯನ್ನು ಕೂಡಿಸಿ, ಬಟ್ಟೆ ಒಯ್ಯಲು ಬಂದವಳು. ಫೋನಿನಲ್ಲಿ ಆಡಿದ್ದು ಕೇಳಿಸಿತ್ತೋ, ಅವನ ಮುಖದಲ್ಲೇ ಓದಿಕೊಂಡಳೋ. "ನಮ್ಮ ನಲ್ಲಿಯಾ?"

"ಬಾಯಿ ಮುಚ್ಚು."

"ಅಲ್ಲಿ ಹೊನ್ನಣ್ಣನ್ನ ಕೊಲ್ತಾ ಇದ್ರು. ನೀವಿಲ್ಲಿ ಮಣ್ಣು ಎಳೀತ್ರಾ?"

ಅವನು ಸಲಿಕೆ ಎತ್ತಿದ. ಹೆಂಡತಿಯ ಮೇಲೆ. ಎಂಟು ವರ್ಷದ ಸಂಸಾರದಲ್ಲಿ ಆ ಕೈ ಎರಡು ಸಲ ಅವಳ ಕೆನ್ನೆಗೆ ಬಿದ್ದಿತ್ತು. ಎರಡು ಸಲವೂ ಅವಳು ಅತ್ತಿದ್ದಳು. ಈ ಸಲ ಅವಳು ಕಣ್ಣೂ ಮಿಟುಕಿಸಲಿಲ್ಲ.

"ಹೊಡೀರಿ. ಹೊಡೆದಾದ ಮೇಲೆ ಹೋಗಿ ಹೇಳಿ. ನೀವು ಹೇಳ್ದಿದ್ರೆ ನಾ ಹೇಳ್ತೆ. ಹೇಳಿ ಅರ್ಚಿತಾನ ಕರ್ಕೊಂಡು ಬೆಳಕೆಗೆ ಹೋಗ್ತೆ. ಅಪ್ಪ ಎಂತ ಮಾಡ್ದ ಅಂತ ಅವಳಿಗೂ ಹೇಳ್ತೆ."

ಸಲಿಕೆ ಕೈಯಿಂದ ಜಾರಿತು. ರೂಪೇಶ ದಿಬ್ಬ ಇಳಿದು ಓಡಿದ.

ಹೊನ್ನನ ಮನೆಯ ಬಾಗಿಲು ಅರ್ಧ ಮುರಿದು ನೇತಾಡುತ್ತಿತ್ತು. ಗಣಪಿಯನ್ನು ಇಬ್ಬರು ಹಿಡಿದು ಗೋಡೆಗೆ ಒತ್ತಿದ್ದರು. ಅವಳ ಹಣೆಯಿಂದ ರಕ್ತ ಇಳಿಯುತ್ತಿತ್ತು, ಕತ್ತಿ ಅಂಗಳದ ಆಚೆ ಬಿದ್ದಿತ್ತು. ಹೊನ್ನನನ್ನು ಕಾಲು ಹಿಡಿದು ಹೊರಗೆ ಎಳೆದಿದ್ದರು. ಪ್ಲಾಸ್ಟರು ಹಾಕಿದ ಕೈಯನ್ನು ತಲೆಗೆ ಅಡ್ಡ ಹಿಡಿದಿದ್ದ. ಅದರ ಮೇಲೂ ಬಡಿಗೆ ಬಿದ್ದು ಪ್ಲಾಸ್ಟರು ಬಿರುಕು ಬಿಟ್ಟಿತ್ತು. ಅರುಣನ ಕೈಯಲ್ಲಿ ಪಿಕಾಸಿ.

"ಅರುಣಾ! ಬಿಡ್ರೋ! ಹೊನ್ನಣ್ಣನ ತಪ್ಪಲ್ಲ! ಲ್ಯಾಬಿಂದ ಫೋನ್ ಬಂತು, ಕೆಳಗಿನ ನೀರು ಚೊಕ್ಕ ಇದೆ!"

"ಯಾವ ಲ್ಯಾಬು?" ಯಾರೋ ಕೂಗಿದರು. "ಅವಳೂ ಕತಗಾಲದವಳೇ ಅಂತೆ! ಎಲ್ಲ ಒಂದೇ ಊರಿನವ್ರು!"

ಒಂದು ಬಡಿಗೆ ರೂಪೇಶನ ಕಿವಿಗೆ ತಗಲಿತು. ಯಾರು ಹೊಡೆದರೋ, ಬೇಕೆಂದೇ ಹೊಡೆದರೋ. ಅವನು ಮುಗ್ಗರಿಸಿ ಹೊನ್ನನ ಮೇಲೆಯೇ ಬಿದ್ದ. ಬಿದ್ದವನಿಗೆ ಹೊನ್ನನ ಮೈಯ ಬೆವರು, ಔಷಧಿ, ರಕ್ತದ ವಾಸನೆ ಒಟ್ಟಿಗೆ ಮೂಗಿಗೆ ಹೊಡೆಯಿತು. ಹೊನ್ನ ಹೆದರಿ ಅವನನ್ನು ತಳ್ಳಲು ನೋಡಿದ, ಇವನೂ ಹೊಡೆಯಲು ಬಂದನೆಂದು. ಆ ತಳ್ಳುವಿಕೆ ರೂಪೇಶನಿಗೆ ಬಡಿಗೆಗಿಂತ ಜೋರಾಗಿ ತಗಲಿತು. ಅರುಣ ಪಿಕಾಸಿ ಎತ್ತಿದ್ದ. ರೂಪೇಶ ಎದ್ದು ಅವನ ಎರಡೂ ಕೈ ಹಿಡಿದುಕೊಂಡ.

"ನಿನ್ನ ಅವ್ವಿನ್ನ ಕೊಂದದ್ದು ನನ್ನ ನಲ್ಲಿ! ಕೇಳ್ತದನಾ? ನನ್ನ ಗುಂಡಿ! ಬಚ್ಚಲ ನೀರೆಲ್ಲ ಪೈಪಿಗೆ ಹೋತಿತ್ತು. ನಾ ನಲ್ಲಿ ತೆರೆದಿಟ್ಟಿದ್ದೆ. ಹೊನ್ನಣ್ಣ ನಾಲ್ಕು ಸಲ ಹೇಳಿದ್ದ, ನಾ ಬಂದ್ ಮಾಡ್ಲಿಲ್ಲ. ನಾ!"

ಅರುಣ ಅವನ ಮುಖವನ್ನೇ ನೋಡಿದ. ಆಮೇಲೆ ಪಿಕಾಸಿಯ ಹಿಡಿಯಿಂದ ಅವನ ಬಾಯಿಗೆ ಗುದ್ದಿದ. ಎರಡು ಹಲ್ಲು ಮುರಿದವು. ಬಿದ್ದವನ ಪಕ್ಕೆಗೆ ಒದ್ದ, ಮತ್ತೆ ಒದ್ದ. ಮೊನ್ನೆ ಹೊನ್ನನನ್ನು ಒದ್ದ ಅದೇ ಇಬ್ಬರು ಈಗ ಇವನನ್ನು ಒದ್ದರು. ಅವರಿಗೆ ಒದೆಯಲು ಒಬ್ಬ ಸಿಕ್ಕಿದರಾಯಿತು. ರೂಪೇಶ ಕೈ ಅಡ್ಡ ಹಿಡಿಯಲಿಲ್ಲ. ಧೈರ್ಯದಿಂದಲ್ಲ, ಹಿಡಿಯಲು ಮುಖ ಇರಲಿಲ್ಲ. ಅರುಣ ಪಿಕಾಸಿಯ ಮೊನೆ ತಿರುಗಿಸಿ ಹಿಡಿದು ಎರಡೂ ಕೈಯಲ್ಲಿ ಮೇಲೆತ್ತಿದ.

"ಸಾಕು."

ಹೊನ್ನ ಎದ್ದು ಕೂತಿದ್ದ. ದನಿ ದೊಡ್ಡದೇನಲ್ಲ.

"ಸಾಕು ಅರುಣಾ. ಅಂವನ ಕೈ ಮುರೀಬೇಡ."

"ಇಂವ ನಿನ್ನ ಕೈ ಮುರಿದವ ಹೊನ್ನಣ್ಣ!"

"ಅದ್ಕೇ ಹೇಳೂದು. ನನ್ನ ಕೈ ಕೂಡೂಕೆ ಎರಡು ತಿಂಗಳು ಬೇಕಂತೆ. ಅಲ್ಲಿವರೆಗೆ ವಾಲ್ವು ತಿರುಗ್ಸೂಕೆ ನಂಗೆ ಅಂವನ ಕೈ ಬೇಕು."

ಅರುಣ ಪಿಕಾಸಿ ಇಳಿಸಿದ. ಅಂಗಳದಲ್ಲೇ ಕುಕ್ಕರಿಸಿ ಕೂತು, ಎರಡು ದಿನದಿಂದ ಬರದ ಅಳುವನ್ನು ಈಗ ಅತ್ತ. ಗಣಪಿಯನ್ನು ಹಿಡಿದಿದ್ದವರು ಕೈ ಬಿಟ್ಟರು. ಅವಳು ನೆಟ್ಟಗೆ ಬಂದು ರೂಪೇಶನ ಮುಖಕ್ಕೆ ಉಗಿದು, ಗಂಡನನ್ನು ಎತ್ತಿ ಒಳಗೆ ಕರೆದೊಯ್ದಳು.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಚೇಂಬರಿನ ಹತ್ತಿರ ಇಬ್ಬರಿದ್ದರು. ಹೊನ್ನ ಹೊಸ ಪ್ಲಾಸ್ಟರಿನ ಕೈಯನ್ನು ಸೀರೆಯ ಹರಕಿನಲ್ಲಿ ಕೊರಳಿಗೆ ಕಟ್ಟಿಕೊಂಡು ಕಲ್ಲಿನ ಮೇಲೆ ಕೂತಿದ್ದ. ರೂಪೇಶನ ಒಂದು ಕಣ್ಣು ಬಾತು ಮುಚ್ಚಿತ್ತು, ಬಾಯಿ ಊದಿಕೊಂಡಿತ್ತು, ಉಸಿರೆಳೆದರೆ ಪಕ್ಕೆ ಚುಚ್ಚುತ್ತಿತ್ತು. ಅವನು ಕೀಯನ್ನು ಚೇಂಬರಿಗೆ ಇಳಿಸಿ ತಿರುಗಿಸಿದ. ಹೊನ್ನ ಸುತ್ತು ಎಣಿಸಿದ.

"ಹನ್ನೆರಡು. ಹದಿಮೂರು. ಹದಿನಾಲ್ಕು. ಸಾಕು. ಅರ್ಧ ಹಿಂದೆ ಬಿಡು."

ಎಣಿಕೆ ಬಿಟ್ಟು ಬೇರೆ ಮಾತಿಲ್ಲ. ತಮಾ ಎಂದು ಕರೆಯಲೂ ಇಲ್ಲ.

ದಿಬ್ಬದ ಮೇಲೆ ಗುಂಡಿ ಪೂರ್ತಿ ಮುಚ್ಚಿತ್ತು. ವಿನುತಾ ಸೊಂಟದೆತ್ತರಕ್ಕೆ ಏರಿಸಿದ ನಲ್ಲಿಯ ಕೆಳಗೆ ಕೊಡ ಇಟ್ಟು, ನೂಲಿನಷ್ಟು ಬರುವ ನೀರಿಗೆ ಕಾಯುತ್ತ ನಿಂತಳು. ಮಗಳನ್ನು ಮರುದಿನ ಮನೆಗೆ ಕಳಿಸುತ್ತೇವೆಂದು ಆಸ್ಪತ್ರೆಯವರು ಹೇಳಿದ್ದರು. ಯಾವ ಮನೆಗೆ ಎಂದು ವಿನುತಾ ಇನ್ನೂ ಹೇಳಿರಲಿಲ್ಲ.

ಕೇರಿಯ ಎಲ್ಲ ಮನೆಗಳಿಂದಲೂ ಕೊಡಗಳು ಹೊರಬಂದವು. ಅರುಣನ ಹೆಂಡತಿ ಕಮಲಿಯೂ ಕೊಡ ಹಿಡಿದು ಬಾಗಿಲಿಗೆ ಬಂದಳು. ಕೆಳಗೆ ಕೀ ತಿರುಗಿಸುತ್ತಿದ್ದವನನ್ನು ನೋಡಿದಳು. ಅಂಗಳದ ನಲ್ಲಿಯಲ್ಲಿ ನೀರು ಬಂದು, ಕಲ್ಲಿನ ಮೇಲೆ ಬಿದ್ದು, ಚೊಕ್ಕವಾಗಿಯೇ ಹರಿದು ಹೋಗುತ್ತಿತ್ತು. ಅತ್ತೆಗೆ ಕೊನೆಯ ಲೋಟ ಹಿಡಿದಿದ್ದವಳು ಖಾಲಿ ಕೊಡ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.